7 ಗೇರಿನ ಸೈಕಲ್ಲಿಗೆ 9ರ ಡಿರೇಲರ್, 8ರ ಚೈನ್: ಯಾವುದು ಕೂಡುತ್ತದೆ, ಯಾವುದು ಕೂಡುವುದಿಲ್ಲ?

ಪ್ರಶ್ನೆ: ಸರ್, ನಮಸ್ಕಾರ. ನಂದು 26 ಇಂಚಿನ ಗಾಲಿದು, 21 ಗೇರಿನ ಸೈಕಲ್ ಅದ. ಮುಂದ 42-34-24 ಹಲ್ಲಿನ ಚಕ್ರ, ಹಿಂದ 7 ಗೇರಿನ 14-28 ಹಲ್ಲಿನ ಫ್ರೀವೀಲ್. ಅದರ ಹಲ್ಲು ಸವದು ಚೂಪ ಆಗ್ಯಾವ, ಹಿಂದಿನ ಡಿರೇಲರ್ ಭಾಳ ಅಲ್ಲಾಡ್ತದ. ಹೈದರಾಬಾದದಾಗ ಇರೋ ನಮ್ಮ ಕಾಕಾನ ಮಗ ಶಿಮಾನೊ ಆಲಿವಿಯೊ 9 ಸ್ಪೀಡ್ ಡಿರೇಲರ್, ಅದರ ಜೋಡಿ 9 ಸ್ಪೀಡ್ ಶಿಫ್ಟರ್ ಕಳಸ್ಯಾನ. ಇಲ್ಲಿ ಗೆಳೆಯ ಒಬ್ಬ ತನ್ನ ಹತ್ರ ಡಿಯೋರ್ 10 ಸ್ಪೀಡ್ ಡಿರೇಲರ್ ಅದ, ಅದು ಇನ್ನೂ ಛಲೋದು, ಅದನ್ನೇ ಹಾಕ್ಕೋ ಅಂತಾನ. ಅಂಗಡ್ಯಾಗ 8 ಸ್ಪೀಡ್ ಚೈನ್ ಒಂದೇ ಸಿಗ್ತದ. ಹುಮನಾಬಾದದಿಂದ ಬೀದರ ಕಡೆ ಹೋಗೋ ಮುಂದ ಏರಿನ್ಯಾಗ ಹಗುರ ಗೇರ್ ಬೇಕು ಅನಸ್ತದ. ಇವನ್ನೆಲ್ಲಾ ಕೂಡಿಸಿ ಹಾಕಬಹುದಾ? ಏನ್ ತಗೋಬೇಕು, ಏನ್ ಬಿಡಬೇಕು ಹೇಳ್ರಿ.
— ಓದುಗರು, ಹುಮನಾಬಾದ್

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಆಲಿವಿಯೊ 9 ಸ್ಪೀಡ್ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಇಟ್ಟುಕೊಳ್ಳಿ. ಈಗಿನ 7 ಗೇರಿಗೂ ಅದು ನಡೆಯುತ್ತದೆ, ನಾಳೆ 8 ಅಥವಾ 9ಕ್ಕೆ ಹೋದರೂ ಅದೇ ನಡೆಯುತ್ತದೆ. ಆದರೆ 9ರ ಶಿಫ್ಟರನ್ನು 7ರ ಫ್ರೀವೀಲ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗಡ್ಡೆ) ಜೊತೆ ಹಾಕಬೇಡಿ. ಡಿಯೋರ್ 10 ಒಳ್ಳೆಯ ಮಾಲೇ, ಆದರೆ ನಿಮ್ಮ ಹತ್ತಿರ ಇರುವ ಯಾವ ಶಿಫ್ಟರಿಗೂ ಅದು ಕೂಡುವುದಿಲ್ಲ, ಗೆಳೆಯರಿಗೇ ಬಿಡಿ. 8 ಸ್ಪೀಡ್ ಚೈನ್ 7ಕ್ಕೆ ಸರಿಯಾಗಿ ಕೂಡುತ್ತದೆ, 9ಕ್ಕೆ ಕೂಡುವುದಿಲ್ಲ. ಇನ್ನು ಏಕೆ ಹೀಗೆ ಎಂಬುದನ್ನು ನೋಡೋಣ. ಕಾರಣ ತಿಳಿದಿದ್ದರೆ ಮುಂದೆ ಯಾರು ಯಾವ ಸಾಮಾನು ತಂದುಕೊಟ್ಟರೂ ನೀವೇ ಲೆಕ್ಕ ಹಾಕಬಹುದು.

ಡಿರೇಲರ್ ಮೈಮೇಲೆ 9 ಎಂದು ಬರೆದಿರಬಹುದು, ಆದರೆ ಅದಕ್ಕೆ ಎಣಿಸಲು ಬರುವುದಿಲ್ಲ. ವೈರ್ ಎಳೆದಷ್ಟು ಅದು ಗಾಲಿಯ ಕಡೆ ಸರಿಯುತ್ತದೆ, ಬಿಟ್ಟಷ್ಟು ಸ್ಪ್ರಿಂಗ್ ಬಲದಿಂದ ಹೊರಗೆ ಬರುತ್ತದೆ. ಅಷ್ಟೇ ಅದರ ಕೆಲಸ. ಎಣಿಸುವ ಕೆಲಸ ಹ್ಯಾಂಡಲ್ ಮೇಲಿನ ಶಿಫ್ಟರಿನದು: ಒಂದು ಕ್ಲಿಕ್ಕಿಗೆ ಎಷ್ಟು ವೈರ್ ಎಳೆಯಬೇಕೆಂದು ಅದರೊಳಗಿನ ಹಲ್ಲುಗಳಲ್ಲಿ ಕೊರೆದಿಟ್ಟಿರುತ್ತಾರೆ. ಹಾಗಾಗಿ ನೋಡಬೇಕಾದ ಅಂಕಿಗಳು ಮೂರು. ಶಿಫ್ಟರ್ ಒಂದು ಕ್ಲಿಕ್ಕಿಗೆ ಎಳೆಯುವ ವೈರ್ ಎಷ್ಟು, 1 ಮಿ.ಮೀ. ವೈರ್ ಎಳೆದರೆ ಡಿರೇಲರ್ ಎಷ್ಟು ಸರಿಯುತ್ತದೆ, ಹಿಂದಿನ ಸ್ಪ್ರಾಕೆಟ್‌ಗಳ, ಅಂದರೆ ಹಲ್ಲುಚಕ್ರಗಳ, ನಡುವಿನ ಅಂತರ ಎಷ್ಟು. ಮೊದಲ ಎರಡನ್ನು ಗುಣಿಸಿದರೆ ಮೂರನೆಯದಕ್ಕೆ ಹತ್ತಿರ ಬರಬೇಕು. ಬಂದರೆ ಗೇರ್ ಕೂಡುತ್ತದೆ. ಬರದಿದ್ದರೆ ಎಂಥ ಮೇಸ್ತ್ರಿಯೂ ಅದನ್ನು ಟ್ಯೂನ್ ಮಾಡಲಾರ.

ಶಿಮಾನೊದ 7, 8, 9 ಗೇರಿನ ಡಿರೇಲರ್‌ಗಳು ಬಹುತೇಕ 1 ಮಿ.ಮೀ. ವೈರಿಗೆ ಸುಮಾರು 1.7 ಮಿ.ಮೀ. ಸರಿಯುತ್ತವೆ. 7ರ ಶಿಫ್ಟರ್ ಕ್ಲಿಕ್ಕಿಗೆ ಸುಮಾರು 2.9, 8ರದು 2.8, 9ರದು 2.5 ಮಿ.ಮೀ. ಎಳೆಯುತ್ತದೆ. ಸ್ಪ್ರಾಕೆಟ್ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ 7ರಲ್ಲಿ 5.0, 8ರಲ್ಲಿ 4.8, 9ರಲ್ಲಿ 4.35 ಮಿ.ಮೀ. ಗುಣಿಸಿ ನೋಡಿ: 2.9ನ್ನು 1.7ರಿಂದ ಗುಣಿಸಿದರೆ 4.93, 2.8ಕ್ಕೆ 4.76, 2.5ಕ್ಕೆ 4.25. ಪೂರ್ತಿ ಸರಿಸಮ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಡಿರೇಲರಿನಲ್ಲಿ ಚೈನ್ ಹಾಯುವ ಎರಡು ಪುಟ್ಟ ಚಕ್ರಗಳಲ್ಲಿ (ಪುಲ್ಲಿ) ಮೇಲಿನದಕ್ಕೆ ಎಡಬಲಕ್ಕೆ ಸ್ವಲ್ಪ ಜರುಗುವ ಸಡಿಲ ಕೊಟ್ಟಿರುತ್ತಾರೆ, ಉಳಿದ ವ್ಯತ್ಯಾಸವನ್ನು ಅದು ನುಂಗುತ್ತದೆ.

ಈ ಸಡಿಲದ ಬಗ್ಗೆ ಒಂದು ಮಾತು. ‘ಡಿರೇಲರ್ ಭಾಳ ಅಲ್ಲಾಡ್ತದ’ ಎಂದು ಬರೆದಿದ್ದೀರಿ. ಅಲ್ಲಾಡುತ್ತಿರುವುದು ಮೇಲಿನ ಪುಲ್ಲಿ ಮಾತ್ರವಾದರೆ ಅದು ದೋಷವೇ ಅಲ್ಲ. ಶಿಮಾನೊದವರು ಬೇಕೆಂದೇ ಹಾಗೆ ಮಾಡಿರುತ್ತಾರೆ. ಸರ್ವಿಸ್ ಮಾಡುವಾಗ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿಬಿಟ್ಟರೆ ಆ ಸಡಿಲ ಬೇಡದ ಜಾಗಕ್ಕೆ ಹೋಗಿ ಗೇರ್ ಕೆಡುತ್ತದೆ. ಕಿತ್ತಾಗ ಯಾವುದು ಯಾವುದೆಂದು ಗುರುತು ಮಾಡಿಟ್ಟುಕೊಳ್ಳಿ. ಡಿರೇಲರಿನ ಕೆಳಗಿನ ಪಂಜರ (ಪುಲ್ಲಿಗಳನ್ನು ಹಿಡಿದಿರುವ ಚೌಕಟ್ಟು) ಹಿಡಿದು ಗಾಲಿಯ ಕಡೆಗೆ ಅಲುಗಿಸಿದಾಗ ಇಡೀ ಪಂಜರ ಲೊಟಲೊಟ ಎಂದರೆ ಮಾತ್ರ ಪಿನ್ನುಗಳು ಸವೆದಿವೆ ಎಂದು ಅರ್ಥ. ಆಗ ಬದಲಿಸಲೇಬೇಕು.

ಈಗ ಈ ಲೆಕ್ಕವನ್ನು ನಿಮ್ಮ ಸಾಮಾನುಗಳಿಗೆ ಹಚ್ಚೋಣ. 7ರ ಶಿಫ್ಟರ್, 9ರ ಆಲಿವಿಯೊ, 7ರ ಫ್ರೀವೀಲ್: 4.93ಕ್ಕೆ 5.0, ಕೂಡಿತು. 9ರ ಶಿಫ್ಟರ್, 9ರ ಆಲಿವಿಯೊ, 7ರ ಫ್ರೀವೀಲ್: 4.25ಕ್ಕೆ 5.0. ಕ್ಲಿಕ್ಕಿಗೆ ಮುಕ್ಕಾಲು ಮಿ.ಮೀ. ಹಿಂದೆ ಬೀಳುತ್ತದೆ. ಮೊದಲ ಎರಡು ಗೇರ್ ಸರಿ ಬಿದ್ದಂತೆ ಕಾಣುತ್ತದೆ, ಮೂರು ನಾಲ್ಕನೇ ಕ್ಲಿಕ್ಕಿಗೆ ಚೈನ್ ಎರಡು ಸ್ಪ್ರಾಕೆಟ್ ನಡುವೆ ಕರಕರ ಎನ್ನುತ್ತದೆ. ಶಿಫ್ಟರಿನಲ್ಲಿ ಒಟ್ಟು 8 ಕ್ಲಿಕ್ ಇರುವುದರಿಂದ ಕೊನೆಗೆ ದೊಡ್ಡ ಸ್ಪ್ರಾಕೆಟ್ ಮುಟ್ಟೀತು. ನಡುವಿನ ಎರಡು ಮೂರು ಕ್ಲಿಕ್ ಮಾತ್ರ ಎಂದೂ ಸರಿ ಬೀಳುವುದಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿಯುವಾಗಲೇ ಚೈನ್ ಜಿಗಿಯುತ್ತದೆ.

8ರ ಶಿಫ್ಟರನ್ನು 7ರ ಫ್ರೀವೀಲಿಗೆ ಹಾಕಿದರೆ? ಕ್ಲಿಕ್ಕಿಗೆ ಕಾಲು ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ. ನಡುವಿನ 4ನೇ ಸ್ಪ್ರಾಕೆಟ್ ಮೇಲೆ ಸರಿಯಾಗಿ ಕೂರುವಂತೆ ಟ್ಯೂನ್ ಮಾಡಿಕೊಂಡರೆ ಎರಡೂ ತುದಿಗೆ ಅರ್ಧ ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ತಪ್ಪು ಉಳಿಯುತ್ತದೆ. ಅದನ್ನು ಪುಲ್ಲಿ ಸಂಭಾಳಿಸುತ್ತದೆ. ಒಂದು ಕ್ಲಿಕ್ ಹೆಚ್ಚು ಉಳಿಯುತ್ತದೆ, ಅದನ್ನು ಡಿರೇಲರ್ ಎಷ್ಟರವರೆಗೆ ಸರಿಯಬೇಕೆಂದು ಮಿತಿ ಹಾಕುವ ಲಿಮಿಟ್ ಸ್ಕ್ರೂನಿಂದ ತಡೆಯಬೇಕು. 7ರ ಶಿಫ್ಟರ್ ಸಿಗದೆ 8ರದು ಮಾತ್ರ ಸಿಕ್ಕಿದರೆ ಧೈರ್ಯವಾಗಿ ಹಾಕಿ.

ಡಿಯೋರ್ 10ರ ಕಥೆ ಬೇರೆ. ಗುಡ್ಡಗಾಡು ಸೈಕಲ್ಲಿನ 10 ಗೇರಿಗೆ ಬಂದಾಗ ಶಿಮಾನೊ ಲೆಕ್ಕವನ್ನೇ ಬದಲಿಸಿತು. ಶಿಫ್ಟರ್ ಹೆಚ್ಚು ವೈರ್ ಎಳೆಯುತ್ತದೆ, ಸುಮಾರು 3.4 ಮಿ.ಮೀ. ಡಿರೇಲರ್ ಕಡಿಮೆ ಸರಿಯುತ್ತದೆ, ಸುಮಾರು 1.2. ವೈರಿನಲ್ಲಿ ಸ್ವಲ್ಪ ಧೂಳು, ಬಿಗುವು ಸೇರಿದರೂ ಗೇರ್ ತಪ್ಪಬಾರದೆಂಬ ಉದ್ದೇಶ. ಆ ಡಿರೇಲರನ್ನು ನಿಮ್ಮ 9ರ ಶಿಫ್ಟರಿಗೆ ಕಟ್ಟಿದರೆ 2.5ನ್ನು 1.2ರಿಂದ ಗುಣಿಸಿ 3.0 ಮಿ.ಮೀ. ಮಾತ್ರ. ಬೇಕಾದದ್ದು 4.35. ಮೂರು ಕ್ಲಿಕ್ಕಿಗೆ 13 ಮಿ.ಮೀ. ಹೋಗಬೇಕಾದಲ್ಲಿ 9 ಹೋಗಿರುತ್ತದೆ, ಹತ್ತಿರಹತ್ತಿರ ಒಂದು ಪೂರ್ತಿ ಸ್ಪ್ರಾಕೆಟ್ ಹಿಂದೆ. ‘ಹೆಚ್ಚಿನ ಅಂಕಿಯ ಡಿರೇಲರ್ ಕಡಿಮೆ ಅಂಕಿಗೆ ನಡೆದೇ ನಡೆಯುತ್ತದೆ’ ಎಂಬ ಮಾತು ಸೈಕಲ್ ಅಂಗಡಿಗಳಲ್ಲಿ ಓಡಾಡುತ್ತಿದೆ. 9ರವರೆಗೆ ಅದು ನಿಜ, 10ಕ್ಕೆ ಬಂದ ಕೂಡಲೇ ಸುಳ್ಳು. ನಿಮ್ಮ ಗೆಳೆಯರು ಹೇಳಿದ್ದೂ ಇದೇ ಲೆಕ್ಕದ ಮೇಲೆ ಇರಬೇಕು.

ಚೈನ್

ಎಲ್ಲ ಸೈಕಲ್ ಚೈನುಗಳ ಪಿನ್ನಿನಿಂದ ಪಿನ್ನಿಗೆ ಅಂತರ ಒಂದೇ, ಅರ್ಧ ಇಂಚು, ಅಂದರೆ 12.7 ಮಿ.ಮೀ. ಬದಲಾಗುವುದು ಅಗಲ. 6, 7, 8 ಗೇರಿಗೆ ಒಂದೇ ಚೈನ್, ಹೊರ ಅಗಲ 7.1ರಿಂದ 7.3 ಮಿ.ಮೀ. 9ಕ್ಕೆ ಸುಮಾರು 6.6, 10ಕ್ಕೆ 5.9ರ ಹತ್ತಿರ, 11ಕ್ಕೆ 5.5ರ ಹತ್ತಿರ. 7ರ ಫ್ರೀವೀಲ್ ಮೇಲೆ 9ರ ಚೈನ್ ಹಾಕಿದರೆ ಸುಸೂತ್ರವಾಗಿ ಓಡುತ್ತದೆ, ಗೇರ್ ಬೀಳುವುದು ಕೂದಲೆಳೆಯಷ್ಟು ತಡವಾಗಬಹುದು. ತಿರುಗುಮುರುಗು ಆಗದು. 9ರ ಕ್ಯಾಸೆಟ್ (ಹಿಂದಿನ ಸ್ಪ್ರಾಕೆಟ್‌ಗಳ ಇನ್ನೊಂದು ಬಗೆಯ ಜೋಡಣೆ, ಮುಂದೆ ಹೇಳುತ್ತೇನೆ) ಮೇಲೆ 8ರ ಚೈನ್ ಹಾಕಿದರೆ ಪಕ್ಕದ ದೊಡ್ಡ ಸ್ಪ್ರಾಕೆಟ್ಟಿಗೆ ಉಜ್ಜುತ್ತಲೇ ಇರುತ್ತದೆ, ತನ್ನಷ್ಟಕ್ಕೆ ಏರಲು ಹವಣಿಸುತ್ತದೆ. ಎಷ್ಟು ಟ್ಯೂನ್ ಮಾಡಿದರೂ ಆ ಸದ್ದು ಹೋಗದು, ಏಕೆಂದರೆ ಜಾಗವೇ ಇಲ್ಲ.

ಊರಿನ ಅಂಗಡಿಯಲ್ಲಿ ಇನ್ನೊಂದು ಅಪಾಯವಿದೆ. ಗೇರಿಲ್ಲದ ಸಾದಾ ಸೈಕಲ್ಲಿನ ಚೈನನ್ನೇ ‘ಎಲ್ಲಾ ಒಂದೇರೀ’ ಎಂದು ಕೊಟ್ಟುಬಿಡುತ್ತಾರೆ. ಅದರ ಒಳ ಅಗಲ 1/8 ಇಂಚು, ಅಂದರೆ 3.2 ಮಿ.ಮೀ. 8 ಗೇರಿನವರೆಗಿನ ಚೈನಿನ ಒಳ ಅಗಲ 3/32 ಇಂಚು, 2.4 ಮಿ.ಮೀ. ಸಾದಾ ಚೈನ್ ಪಕ್ಕಕ್ಕೆ ಬಾಗುವುದೂ ಕಡಿಮೆ, ಡಿರೇಲರಿನ ಪಂಜರದಲ್ಲಿ ಸಿಕ್ಕಿಕೊಳ್ಳುತ್ತದೆ. ಡಬ್ಬಿಯ ಮೇಲೆ 6/7/8 ಎಂದು ಬರೆದಿರುವುದನ್ನೇ ಕೇಳಿ. ಡಬ್ಬಿ ಇಲ್ಲದ ಬಿಡಿ ಚೈನಾದರೆ ವರ್ನಿಯರ್ ಹಿಡಿದು ಪಿನ್ನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆಯಿರಿ. ಕಡಿ ಕೂಡಿಸುವ ಕ್ವಿಕ್ ಲಿಂಕ್ ಕೂಡ ಅದೇ ಅಗಲದ್ದಾಗಿರಬೇಕು. 9ರ ಚೈನಿಗೆ 8ರ ಲಿಂಕ್ ಹಾಕಿದರೆ ಪ್ರತಿ ಸುತ್ತಿಗೊಮ್ಮೆ ಟಕ್ ಎನ್ನುತ್ತದೆ. 8ರ ಚೈನಿಗೆ 9ರ ಲಿಂಕ್ ಬಲವಂತವಾಗಿ ಕೂರಿಸಿದರೆ ಆ ಕೀಲು ಬಿಗಿಯಾಗಿ ಮಡಚಿಕೊಳ್ಳುವುದೇ ಇಲ್ಲ.

ಹೊಸ ಚೈನ್ ಹಾಕಿ ಹಳೆಯ ಫ್ರೀವೀಲ್ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಇಲ್ಲೇ ಹೇಳಬೇಕು. ಬಹಳ ಜನ ಅದನ್ನು ‘ಪಾರ್ಟ್ ಕೂಡಲಿಲ್ಲ’ ಎಂದು ತಿಳಿಯುತ್ತಾರೆ. ಸವೆದ ಚೈನಿನ ಕೀಲುಗಳ ನಡುವಿನ ಅಂತರ ಹಿಗ್ಗಿರುತ್ತದೆ, ಫ್ರೀವೀಲಿನ ಹಲ್ಲು ಅದಕ್ಕೆ ತಕ್ಕಂತೆ ಸವೆದಿರುತ್ತದೆ. ಹೊಸ ಚೈನಿನ ಅಂತರ ಸರಿಯಾಗಿ 12.7 ಇರುವುದರಿಂದ ಆ ಹಲ್ಲಿನ ಮೇಲೆ ಕೂರದೆ ಜಿಗಿಯುತ್ತದೆ, ಅದೂ ನೀವು ಹೆಚ್ಚು ಬಳಸಿದ ಎರಡು ಮೂರು ಸ್ಪ್ರಾಕೆಟ್ ಮೇಲೆ ಮಾತ್ರ. ಚೈನ್ ಅಳೆಯಲು ಉಕ್ಕಿನ ಸ್ಕೇಲ್ ಸಾಕು: 24 ಕೀಲಿನ ಅಂತರ ಹೊಸದರಲ್ಲಿ 304.8 ಮಿ.ಮೀ. ಅದು 306.3 ದಾಟಿದರೆ ಚೈನ್ ಬದಲಿಸುವ ಹೊತ್ತು. 307.8ಕ್ಕೆ ಬಂದಿದ್ದರೆ ಫ್ರೀವೀಲೂ ಹೋಗಿದೆ ಎಂದೇ ತಿಳಿಯಿರಿ. ನಿಮ್ಮದು ಹಲ್ಲೇ ಚೂಪಾಗಿದೆ, ಹಾಗಾಗಿ ಚೈನ್, ಫ್ರೀವೀಲ್ ಎರಡನ್ನೂ ಒಟ್ಟಿಗೆ ಬದಲಿಸಿ.

ಫ್ರೀವೀಲೋ ಕ್ಯಾಸೆಟ್ಟೋ

9 ಗೇರಿಗೆ ಹೋಗಬೇಕೆಂದರೆ ಅಡ್ಡಿಯಾಗುವುದು ಡಿರೇಲರಲ್ಲ, ಹಿಂದಿನ ಹಬ್. ಫ್ರೀವೀಲ್ ಎಂದರೆ ಹಬ್ಬಿನ ಆಟೆಗೆ (ತಿರುಪಿನ ಎಳೆಗೆ) ತಿರುಗಿಸಿ ಕೂರಿಸುವ ಇಡೀ ಗಡ್ಡೆ, ತಿರುಗುವ ರಾಚೆಟ್ (ಒಂದೇ ದಿಕ್ಕಿಗೆ ಕಚ್ಚುವ ಭಾಗ) ಅದರೊಳಗೇ ಇರುತ್ತದೆ. ಕ್ಯಾಸೆಟ್‌ನಲ್ಲಿ ರಾಚೆಟ್ ಹಬ್ಬಿನದೇ ಭಾಗ, ಬರೀ ಸ್ಪ್ರಾಕೆಟ್‌ಗಳನ್ನು ಅದರ ಗೆರೆಗಳ ಮೇಲೆ ಜಾರಿಸಿ ಲಾಕ್‌ರಿಂಗ್ ಬಿಗಿಯುತ್ತಾರೆ. ಗುರುತಿಸುವುದು ಹೀಗೆ: ಗಾಲಿ ಬಿಚ್ಚಿ, ಸ್ಪ್ರಾಕೆಟ್‌ಗಳನ್ನು ಹಿಮ್ಮುಖವಾಗಿ ಕೈಯಿಂದ ತಿರುಗಿಸಿ, ನಡುವೆ ಟೂಲ್ ಕೂರುವ ಹಲ್ಲುಗಳನ್ನು ನೋಡಿ. ಅವು ಸ್ಪ್ರಾಕೆಟ್ ಜೊತೆ ತಿರುಗಿದರೆ ಕ್ಯಾಸೆಟ್. ಸ್ಪ್ರಾಕೆಟ್ ತಿರುಗಿದರೂ ಅವು ಅಲುಗದೆ ನಿಂತಿದ್ದರೆ ಫ್ರೀವೀಲ್. 21 ಗೇರಿನ ಅಗ್ಗದ ಸೈಕಲ್‌ಗಳಲ್ಲಿ 14 ಹಲ್ಲಿನಿಂದ ಶುರುವಾಗುವುದು ಹೆಚ್ಚುಕಡಿಮೆ ಫ್ರೀವೀಲೇ.

ಫ್ರೀವೀಲ್ ಬಿಚ್ಚಲು 12 ಗೆರೆಯ ಶಿಮಾನೊ ಮಾದರಿಯ ಫ್ರೀವೀಲ್ ಟೂಲ್ ಬೇಕು. ಕ್ಯಾಸೆಟ್ ಟೂಲ್ ನೋಡಲು ಅದರಂತೆಯೇ ಇರುತ್ತದೆ, ಅಳತೆ ಬೇರೆ, ಬಲವಂತ ಮಾಡಿದರೆ ಗೆರೆ ತಿಂದುಹೋಗುತ್ತದೆ. ನೀವು ತುಳಿದಷ್ಟೂ ಫ್ರೀವೀಲ್ ಬಿಗಿಯುತ್ತಲೇ ಹೋಗಿರುತ್ತದೆ, ಹಾಗಾಗಿ ಕೈಪಾನಾದಲ್ಲಿ ಜಗ್ಗುವುದಿಲ್ಲ. ಹಿಂದಿನ ರಾತ್ರಿ ಆಟೆಯ ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಟೂಲ್ ಕೂರಿಸಿ, ಜಾರದಂತೆ ಆಕ್ಸಲ್ ನಟ್ಟನ್ನು ಅದರ ಮೇಲೆ ಕೈಬಿಗಿ ಮಾಡಿ. ವೆಲ್ಡಿಂಗ್ ಅಥವಾ ಲೇಥ್ ಅಂಗಡಿಯ ವೈಸಿನಲ್ಲಿ ಟೂಲನ್ನು ಕಚ್ಚಿಸಿ, ಗಾಲಿಯ ರಿಮ್ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಒಮ್ಮೆ ಟಕ್ ಎಂದು ಬಿಟ್ಟ ಕೂಡಲೇ ನಿಲ್ಲಿಸಿ ನಟ್ ಸಡಿಲಿಸಿ. ಸಡಿಲಿಸದೆ ಮುಂದುವರಿದರೆ ಆಕ್ಸಲ್ಲಿನ ಆಟೆ ಹೋಗುತ್ತದೆ. ಹೊಸದನ್ನು ಹಾಕುವಾಗ ಆಟೆಗೆ ಗ್ರೀಸ್ ಹಚ್ಚಲೇಬೇಕು, ಮೊದಲ ನಾಲ್ಕು ಸುತ್ತು ಕೈಯಿಂದಲೇ ತಿರುಗಿಸಿ. ಆಟೆ 1.37 ಇಂಚು, 24 ಎಳೆ. ಅಲ್ಯೂಮಿನಿಯಂ ಹಬ್ ಆಗಿದ್ದರೆ ಓರೆ ಕೂತ ಫ್ರೀವೀಲ್ ಹಬ್ಬನ್ನೇ ಕೊಲ್ಲುತ್ತದೆ.

8, 9 ಗೇರಿನ ಫ್ರೀವೀಲ್‌ಗಳೂ ಮಾರಾಟಕ್ಕಿವೆ. ಹಬ್ ಬದಲಿಸುವುದು ಬೇಡ, ಗೇರ್ ಹೆಚ್ಚಾಗುತ್ತದೆ ಎಂಬ ಆಸೆ ಹುಟ್ಟಿಸುತ್ತವೆ. ನಾನು ಒಪ್ಪುವುದಿಲ್ಲ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಹಬ್ಬಿನ ಒಳಗೇ ಇರುತ್ತದೆ, ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ ಆಸರೆಯಿಲ್ಲದೆ ಚಾಚಿರುತ್ತದೆ. ಫ್ರೀವೀಲ್ ಅಗಲವಾದಷ್ಟೂ ಆ ಚಾಚು ಉದ್ದ, ಹೊರೆ ಕಟ್ಟಿಕೊಂಡು ಗುಂಡಿ ಬಿದ್ದ ರಸ್ತೆಯಲ್ಲಿ ಹೋದರೆ ಆಕ್ಸಲ್ ಬಾಗುವುದು, ಮುರಿಯುವುದು ಅಲ್ಲೇ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗ್ ಫ್ರೇಮಿನ ಹತ್ತಿರಕ್ಕೆ ಬರುತ್ತದೆ, ಆ ತೊಂದರೆ ಇಲ್ಲ.

ನಿಮ್ಮ ಮುಂದಿರುವ ಎರಡು ದಾರಿ

ಮೊದಲನೆಯದು 7ರಲ್ಲೇ ಉಳಿಯುವುದು. ಕೊಳ್ಳಬೇಕಾದದ್ದು 14-34ರ 7 ಸ್ಪೀಡ್ ಫ್ರೀವೀಲ್, 6/7/8ರ ಚೈನ್, ಹೊಸ ವೈರ್ ಮತ್ತು ಔಟರ್ (ವೈರಿನ ಹೊರಕವಚ). ಈಗಿರುವ 7ರ ಶಿಫ್ಟರ್ ಸರಿಯಿದ್ದರೆ ಅದೇ ಇರಲಿ, ಡಿರೇಲರ್ ಆಲಿವಿಯೊ. ಈಗ ನಿಮ್ಮ ಅತಿ ಹಗುರ ಗೇರ್ 24ಕ್ಕೆ 28 (ಮುಂದೆ 24, ಹಿಂದೆ 28 ಹಲ್ಲು), ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 1.77 ಮೀಟರ್ ಹೋಗುತ್ತದೆ. 24ಕ್ಕೆ 34 ಆದರೆ 1.46 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6.4 ಕಿ.ಮೀ. ಬದಲು 5.3 ಕಿ.ಮೀ. ವೇಗದಲ್ಲೂ ಲಯ ತಪ್ಪದೆ ಏರಬಹುದು. ಕಲಬುರಗಿಯಿಂದಲೇ ಲೆಕ್ಕ ಹಾಕಿದರೂ ಅದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್, ಬೀದರ್ ಸುಮಾರು 700. ಈ ಏರಿಗೆ, ಹಿಂದೆ ಎರಡು ಚೀಲ ಕಟ್ಟಿದರೂ, 24ಕ್ಕೆ 34 ಸಾಕು. ಈ ಫ್ರೀವೀಲಿನ ಕೊರತೆ ಒಂದೇ: 24 ಹಲ್ಲಿನಿಂದ ಒಮ್ಮೆಗೇ 34ಕ್ಕೆ ಹಾರುತ್ತದೆ. ಕಾಲಿಗೆ ಒಂದು ಕ್ಷಣ ಗಾಳಿ ತುಳಿದಂತಾಗುತ್ತದೆ, ಆದರೆ ಅದು ಆಪತ್ತಿನ ಗೇರ್ ಎಂದುಕೊಂಡರೆ ಬೇಸರವಿಲ್ಲ.

ಎರಡನೆಯದು ಪೂರ್ತಿ 9. ಶಿಫ್ಟರ್, ಡಿರೇಲರ್ ಬಂದಾಗಿದೆ, ಇನ್ನು ಬೇಕಾದದ್ದು ಕ್ಯಾಸೆಟ್ ಹಬ್ ಇರುವ ಹಿಂದಿನ ಗಾಲಿ, 11-34 ಅಥವಾ 11-36ರ 9 ಸ್ಪೀಡ್ ಕ್ಯಾಸೆಟ್, 9ರ ಚೈನ್. ಮುಂದಿನ ಮೂರು ಚೈನ್‌ವೀಲ್, ಅದರ ಡಿರೇಲರ್, ಅದರ ಶಿಫ್ಟರ್ ಹಾಗೇ ಇರಲಿ, 9ರ ಚೈನ್ ಅವುಗಳ ಮೇಲೆ ನಡೆಯುತ್ತದೆ. ಲಾಭ ಹೆಚ್ಚಾಗಿ ಮೇಲ್ತುದಿಯಲ್ಲಿ. 42ಕ್ಕೆ 14ರಲ್ಲಿ ನಿಮಿಷಕ್ಕೆ 80 ಸುತ್ತಿಗೆ ಗಂಟೆಗೆ 30 ಕಿ.ಮೀ. ಬರುತ್ತದೆ, 42ಕ್ಕೆ 11ರಲ್ಲಿ 38. 24ರಿಂದ 34ಕ್ಕೆ ಒಮ್ಮೆಗೇ ಹಾರುವ ದೊಡ್ಡ ಹೆಜ್ಜೆಯೂ ಇರುವುದಿಲ್ಲ. ಖರ್ಚಿನ ದೊಡ್ಡ ಪಾಲು ಗಾಲಿಗೇ. ಈಗಿನ ರಿಮ್ ಗಟ್ಟಿಯಿದ್ದರೆ ಹಬ್ ಮಾತ್ರ ತರಿಸಿ ಕಡ್ಡಿ ಕಟ್ಟಿಸಬಹುದು. ರಿಮ್ಮಿನಲ್ಲಿ 36 ತೂತಿದ್ದರೆ ಹಬ್ಬೂ 36ರದೇ ಆಗಬೇಕು, ಹಳೆಯ ಕಡ್ಡಿಗಳ ಉದ್ದ ಸಾಮಾನ್ಯವಾಗಿ ಹೊಂದುವುದಿಲ್ಲ.

ನನ್ನನ್ನು ಕೇಳಿದರೆ ಈಗ ಮೊದಲನೆಯದನ್ನು ಮಾಡಿ, 9ರ ಶಿಫ್ಟರನ್ನು ಎತ್ತಿಡಿ. ಗಾಲಿ ಬದಲಿಸುವ ಸಂದರ್ಭ ಬಂದಾಗ ಎರಡನೆಯದಕ್ಕೆ ಹೋಗಿ. ಡಿರೇಲರಿಗೆ ಎರಡು ಸಲ ಖರ್ಚಿಲ್ಲ. 11, 12 ಗೇರಿನ ಆಸೆ ಈ ಭಾಗದಲ್ಲಿ ಓಡಿಸುವವರಿಗೆ ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ತೊಗರಿ ಹೊಲದ ದಾರಿಯ ಎರೆಮಣ್ಣು ಕ್ಯಾಸೆಟ್ ಸಂದಿಗೆ ಅಂಟು ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಸಂದಿ ಕಿರಿದಾದಷ್ಟೂ ಬೇಗ ತುಂಬುತ್ತದೆ. ಆಗ ಬಲವಾಗಿ ತುಳಿದರೆ ಡಿರೇಲರ್ ಕಡ್ಡಿಗೆ ಸಿಕ್ಕಿ ಹ್ಯಾಂಗರ್ (ಡಿರೇಲರ್ ತೂಗುಹಾಕುವ ಫ್ರೇಮಿನ ಕಿವಿ) ಮುರಿಯುತ್ತದೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳಿಗೂ ಇದೇ ಮಾತು. ಎಣ್ಣೆ ಸುರಿದ ಚೈನಿಗೆ ಆ ಧೂಳು ಕೂತರೆ ಅದೇ ಸಾಣೆಯಾಗುತ್ತದೆ, ಹಾಗಾಗಿ ಕೀಲಿಗೊಂದು ಹನಿ ಬಿಟ್ಟು ಹೊರಗಿನದನ್ನು ಬಟ್ಟೆಯಿಂದ ಒರೆಸಿಬಿಡಿ.

ಆಲಿವಿಯೊ ಕೂರಿಸುವಾಗ

ಮೊದಲು ಫ್ರೇಮ್ ನೋಡಿ. ಅಗ್ಗದ ಸೈಕಲ್‌ಗಳಲ್ಲಿ ಫ್ರೇಮಿಗೆ ಹ್ಯಾಂಗರೇ ಇರುವುದಿಲ್ಲ, ಡಿರೇಲರಿಗೇ ಅಂಟಿಕೊಂಡ ಒಂದು ಕಬ್ಬಿಣದ ಪಟ್ಟಿಯನ್ನು ಆಕ್ಸಲ್ ನಟ್ಟಿನಡಿ ಸಿಕ್ಕಿಸಿರುತ್ತಾರೆ. ಆಲಿವಿಯೊಗೆ 10 ಮಿ.ಮೀ. ಬೋಲ್ಟಿನ ಆಟೆ ಇರುವ ಹ್ಯಾಂಗರ್ ಬೇಕು. ಫ್ರೇಮಿನಲ್ಲಿ ಇಲ್ಲದಿದ್ದರೆ ಆಟೆ ಇರುವ ಬಿಡಿ ಪಟ್ಟಿ ಸಿಗುತ್ತದೆ, ಅದನ್ನು ಮೊದಲೇ ತರಿಸಿ. ಹಿಂದಿನಿಂದ ನೋಡಿದಾಗ ಎರಡೂ ಪುಲ್ಲಿಗಳು ಸ್ಪ್ರಾಕೆಟ್ಟಿಗೆ ನೇರವಾಗಿ ನಿಲ್ಲಬೇಕು. ಕೆಳಗಿನದು ಕಡ್ಡಿಯ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ, ಅದನ್ನು ನೇರ ಮಾಡದೆ ಟ್ಯೂನಿಂಗ್ ವ್ಯರ್ಥ.

ಡಿರೇಲರ್ ಎಷ್ಟು ಚೈನ್ ಸಡಿಲ ನುಂಗಬಲ್ಲದು ಎಂಬುದಕ್ಕೂ ಲೆಕ್ಕವಿದೆ. ಮುಂದಿನ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ, 42ರಿಂದ 24 ಹೋದರೆ 18. ಹಿಂದಿನದೂ ಹಾಗೇ, 34ರಿಂದ 14 ಹೋದರೆ 20, 36ರಿಂದ 11 ಹೋದರೆ 25. ಮೊತ್ತ 38 ಅಥವಾ 43. ಉದ್ದ ಪಂಜರದ ಡಿರೇಲರ್‌ಗಳು ಇಷ್ಟನ್ನು ಸಂಭಾಳಿಸುತ್ತವೆ, ಗಿಡ್ಡ ಪಂಜರದವು ಇಲ್ಲ. ಚೈನ್ ಕತ್ತರಿಸುವಾಗ ಡಿರೇಲರ್ ಮೂಲಕ ಹಾಯಿಸದೆ ದೊಡ್ಡ ಚೈನ್‌ವೀಲ್, ದೊಡ್ಡ ಸ್ಪ್ರಾಕೆಟ್ ಮೇಲೆ ಸುತ್ತಿ, ಕೂಡುವ ಜಾಗಕ್ಕಿಂತ ಎರಡು ಕಡಿ ಹೆಚ್ಚು ಬಿಡಿ. ಹಳೆಯ ಚೈನಿನ ಕಡಿ ಎಣಿಸಿ ಅಷ್ಟೇ ಕತ್ತರಿಸಿದರೆ ತಪ್ಪು, ಏಕೆಂದರೆ ದೊಡ್ಡ ಸ್ಪ್ರಾಕೆಟ್ 28ರಿಂದ 34 ಆಗಿದೆ. ಚೈನ್ ಗಿಡ್ಡವಾದರೆ ದೊಡ್ಡದು-ದೊಡ್ಡದು ಗೇರಿಗೆ ಹಾಕಿದ ದಿನ ಡಿರೇಲರ್ ಕಿತ್ತುಬರುತ್ತದೆ.

ಔಟರ್ ಕೂಡ ಹೊಸದಾಗಿಯೇ ಕತ್ತರಿಸಿ. ಆಲಿವಿಯೊದ ಹೊಸ ಮಾದರಿಗಳಲ್ಲಿ ವೈರ್ ಒಳಸೇರುವ ಕೋನ ಬೇರೆ, ಹಳೆಯ ಉದ್ದ ಕುಣಿಕೆ ಅವುಗಳಿಗೆ ಹೊಂದುವುದಿಲ್ಲ. ಗೇರಿಗೆ ಗೇರ್ ಔಟರನ್ನೇ ಬಳಸಿ, ಬ್ರೇಕಿನದು ಒತ್ತಡಕ್ಕೆ ಕುಗ್ಗುವುದರಿಂದ ಕ್ಲಿಕ್ ಕೈತಪ್ಪುತ್ತದೆ.

ಟ್ಯೂನಿಂಗ್ ಕ್ರಮ ಹೀಗೆ. ವೈರ್ ಕಟ್ಟುವ ಮುನ್ನ ಎಚ್ ಸ್ಕ್ರೂ (ಹೊರಗಡೆಯ ಲಿಮಿಟ್ ಸ್ಕ್ರೂ) ತಿರುಗಿಸಿ, ಮೇಲಿನ ಪುಲ್ಲಿ ಅತಿ ಚಿಕ್ಕ ಸ್ಪ್ರಾಕೆಟ್ಟಿನ ಹೊರ ಅಂಚಿಗೆ ನೇರ ಬರಲಿ. ಶಿಫ್ಟರನ್ನು ದೊಡ್ಡ ಅಂಕಿಗೆ ತಂದು, ವೈರಿನ ಬಿಗುವು ಹೊಂದಿಸುವ ಬ್ಯಾರಲ್ ತಿರುಪನ್ನು ಪೂರ್ತಿ ಒಳಗೆ ಹಾಕಿ ಒಂದೂವರೆ ಸುತ್ತು ಹೊರಗೆ ತೆಗೆದು, ವೈರ್ ಎಳೆದು ಬಿಗಿಯಿರಿ. ಪೆಡಲ್ ತಿರುಗಿಸುತ್ತ ಒಂದು ಕ್ಲಿಕ್. ಚೈನ್ ಏರಲು ಹಿಂಜರಿದರೆ ಬ್ಯಾರಲನ್ನು ಕಾಲು ಸುತ್ತು ಎಡಕ್ಕೆ. ಮೂರನೆಯದಕ್ಕೆ ತಾಗಿ ಸದ್ದು ಮಾಡಿದರೆ ಕಾಲು ಸುತ್ತು ಬಲಕ್ಕೆ. ಆಮೇಲೆ ದೊಡ್ಡ ಸ್ಪ್ರಾಕೆಟ್ಟಿಗೆ ಏರಿಸಿ, ಅದರಾಚೆ ಕಡ್ಡಿಗೆ ಬೀಳದಂತೆ ಎಲ್ ಸ್ಕ್ರೂ ಬಿಗಿ ಮಾಡಿ. ಕೊನೆಗೆ ಬಿ ಸ್ಕ್ರೂ: ಮೇಲಿನ ಪುಲ್ಲಿಗೂ ದೊಡ್ಡ ಸ್ಪ್ರಾಕೆಟ್ಟಿಗೂ ನಡುವೆ 5-6 ಮಿ.ಮೀ. ಇರಲಿ.

ಆದರೂ ಸರಿ ಬೀಳದಿದ್ದರೆ ಲಕ್ಷಣ ನೋಡಿ ಕಾರಣ ಹಿಡಿಯಬಹುದು. ಎಲ್ಲ ಗೇರಿನಲ್ಲೂ ಒಂದೇ ಪ್ರಮಾಣದ ಸದ್ದಿದ್ದರೆ ವೈರ್ ಬಿಗುವಿನ ತಪ್ಪು, ಬ್ಯಾರಲ್ ಸಾಕು. ಚಿಕ್ಕ ಸ್ಪ್ರಾಕೆಟ್ಟಿನಲ್ಲಿ ಸರಿಯಿದ್ದು ಏರುತ್ತ ಹೋದಂತೆ ತಪ್ಪು ಬೆಳೆಯುತ್ತ ಹೋದರೆ ಶಿಫ್ಟರ್, ಡಿರೇಲರ್, ಸ್ಪ್ರಾಕೆಟ್ ಮೂರರಲ್ಲಿ ಒಂದು ಬೇರೆ ಜಾತಿಯದು, ಸ್ಕ್ರೂ ತಿರುಗಿಸಿ ಸಮಯ ಹಾಳುಮಾಡಬೇಡಿ. ಏರುವಾಗ ಚೆನ್ನಾಗಿ ಬಿದ್ದು ಇಳಿಸುವಾಗ ತಡವಾದರೆ ಔಟರಿನೊಳಗೆ ತುಕ್ಕು, ಮಣ್ಣು ಸೇರಿದೆ. ಒಂದೆರಡು ಸ್ಪ್ರಾಕೆಟ್ ಮೇಲೆ, ಬಲವಾಗಿ ತುಳಿದಾಗ ಮಾತ್ರ ಜಿಗಿದರೆ ಸವೆತ.

ಹಳೆಯ ಕಾಲದ, ಕ್ಲಿಕ್ ಇಲ್ಲದ ಹಿಡಿಕೆಯ ಶಿಫ್ಟರ್ ಎಲ್ಲಾದರೂ ಸಿಕ್ಕಿದರೆ ಬಿಸಾಡಬೇಡಿ. ಅದಕ್ಕೆ ಎಳೆತದ ಲೆಕ್ಕವೇ ಇಲ್ಲ, ಕೈಯಂದಾಜಿನಲ್ಲಿ ಯಾವ ಡಿರೇಲರನ್ನೂ 9ರವರೆಗಿನ ಯಾವ ಸ್ಪ್ರಾಕೆಟ್ ಮೇಲೂ ನಡೆಸಬಹುದು. ಡಿಯೋರ್ 10ನ್ನು ನಿಮ್ಮ ಸೈಕಲ್ಲಿಗೆ ಹಾಕಲು ಇರುವ ಏಕೈಕ ಅಗ್ಗದ ದಾರಿಯೂ ಅದೇ.

ತರಿಸುವಾಗ ಹೆಸರು ನೋಡಿ ಮೋಸಹೋಗುವ ಮೂರು ಜಾಗಗಳಿವೆ. ಶಿಮಾನೊ 2023ರಲ್ಲಿ ತಂದ ಕ್ಯೂಸ್ ಸರಣಿಯಲ್ಲೂ 9 ಸ್ಪೀಡ್ ಇದೆ, ಆದರೆ ಅದರ 9, 10, 11 ಮೂರಕ್ಕೂ ಸ್ಪ್ರಾಕೆಟ್ ಅಂತರ ಒಂದೇ. ಆಲಿವಿಯೊ 9ಕ್ಕೆ ಆ ಕ್ಯಾಸೆಟ್ ಕೂಡದು. ರಸ್ತೆ ಸೈಕಲ್ಲಿನ ಟಿಯಾಗ್ರಾದಲ್ಲಿ ಹಳೆಯ 4600 ಮತ್ತು ನಂತರದ 4700 ಎರಡೂ 10 ಗೇರಿನವೇ, ಎಳೆತ ಬೇರೆ ಬೇರೆ. ಸ್ರ್ಯಾಮ್ ಕಂಪನಿಯ 8, 9 ಗೇರಿನ ಕ್ಯಾಸೆಟ್, ಚೈನ್ ಶಿಮಾನೊಗೆ ನಡೆಯುತ್ತವೆ, ಶಿಫ್ಟರ್ ಮತ್ತು ಡಿರೇಲರ್ ಮಾತ್ರ ಒಂದೇ ಕಂಪನಿಯ ಜೋಡಿಯಾಗಿರಬೇಕು. ಮೈಕ್ರೋಶಿಫ್ಟ್ ಕಂಪನಿಯ ಆಡ್ವೆಂಟ್‌ಗೂ ಇದೇ ನಿಯಮ.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಫೋನ್ ಮಾಡುವ ಮುನ್ನ ಇಷ್ಟು ಬರೆದಿಟ್ಟುಕೊಳ್ಳಿ: ಗಾಲಿ 26 ಇಂಚು, ಹಿಂದಿನ ಫ್ರೇಮ್ ಕವಲಿನ ಒಳ ಅಂತರ (ಅಳೆದು ನೋಡಿ, ಗುಡ್ಡಗಾಡು ಮಾದರಿಯಲ್ಲಿ ಹೆಚ್ಚಾಗಿ 135 ಮಿ.ಮೀ.), ಕಡ್ಡಿಗಳ ಸಂಖ್ಯೆ, ಆಕ್ಸಲ್ ನಟ್ಟಿನದೋ ಕ್ವಿಕ್ ರಿಲೀಸೋ, ಡಿಸ್ಕ್ ಬ್ರೇಕಾದರೆ ರೋಟರ್ 6 ಬೋಲ್ಟಿನದೋ ಅಲ್ಲವೋ. ಕ್ಯಾಸೆಟ್ ಹಬ್ ಕೇಳುವಾಗ ‘8/9/10ರ ಬಾಡಿ’ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಎಂದೇ ಹೇಳಿ. ಅಂಗಡಿಯವರು 7ರ ಗಿಡ್ಡ ಬಾಡಿಯ ಹಬ್ ಕೊಟ್ಟರೆ 9ರ ಕ್ಯಾಸೆಟ್ ಪೂರ್ತಿ ಕೂರುವುದಿಲ್ಲ, ಲಾಕ್‌ರಿಂಗ್ ಆಟೆ ಹಿಡಿಯುವುದಿಲ್ಲ. 8/9/10ರ ಬಾಡಿ ಮೇಲೆ 7ರ ಕ್ಯಾಸೆಟ್ ಹಾಕಬೇಕಾಗಿ ಬಂದರೆ ಹಿಂದೆ 4.5 ಮಿ.ಮೀ. ಸ್ಪೇಸರ್ ಸೇರಿಸಿದರೆ ಆಯಿತು.